ಪಾಸಾಗುವ ಮಾಡೆಲ್ ಸಿಗುತ್ತದೆ

ಕಾಸರಗೋಡಿನಲ್ಲಿ ಝೆರಾಕ್ಸ್ ಅಂಗಡಿ ಅಂದರೆ ಈಗ ಬರೀ ಝೆರಾಕ್ಸ್ ಅಲ್ಲ. ಬೈಂಡಿಂಗ್, ಲ್ಯಾಮಿನೇಷನ್, ಪಾಸ್‌ಪೋರ್ಟ್ ಫೋಟೋ, ಜೊತೆಗೆ ಸಂಖ್ಯಾಶಾಸ್ತ್ರ. ಥೀಸಿಸ್ ಬರೆಯುವ ಹುಡುಗ ತನ್ನ ಪ್ರಯೋಗದ ಅಂಕಿಗಳಿರುವ ಪೆನ್‌ಡ್ರೈವ್ ಕೊಡುತ್ತಾನೆ. ಅಂಗಡಿಯ ಅಣ್ಣ ಕಂಪ್ಯೂಟರಿಗೆ ಸಿಕ್ಕಿಸುತ್ತಾನೆ.

"ಪಿ 0.11 ಬಂತಲ್ಲ ಮಾರಾಯ. ಎಷ್ಟು ಬೇಕಿತ್ತು?"

"0.05ಕ್ಕಿಂತ ಕೆಳಗೆ ಬೇಕಂತೆ ಅಣ್ಣ. ಸರ್ ಹೇಳಿದ್ದಾರೆ."

"ಅದನ್ನು ಮೊದಲೇ ಹೇಳುವುದಲ್ವಾ? ನಾನು ಸುಮ್ನೆ ಸರಿಯಾದ್ದನ್ನೇ ಮಾಡಿಬಿಟ್ಟೆ."

ಪಿ ಅಂದರೆ, ನಿಜವಾಗಿ ಏನೂ ವ್ಯತ್ಯಾಸ ಇಲ್ಲದಿದ್ದರೂ ಇಷ್ಟು ಅಥವಾ ಇದಕ್ಕಿಂತ ದೊಡ್ಡ ವ್ಯತ್ಯಾಸ ಬರೀ ಆಕಸ್ಮಿಕವಾಗಿ ಕಾಣುವ ಸಾಧ್ಯತೆ. ಅದು 0.05ಕ್ಕಿಂತ ಕೆಳಗಿದ್ದರೆ "ವ್ಯತ್ಯಾಸ ಇದೆ" ಅನ್ನುವುದು ರೂಢಿ. ವಿಷಯ ಅಡಿಕೆಯ ಕೊಳೆರೋಗ. ಮೈಲುತುತ್ತು-ಸುಣ್ಣದ ಬೋರ್ಡೋ ಸೇರಿ ಐದು ಮದ್ದು, ಹೋಲಿಸಲು ಆರನೆಯದಾಗಿ ಬರೀ ನೀರು. ಗುಡ್ಡದ ಬದಿಯಲ್ಲಿ ಪ್ರತಿಯೊಂದಕ್ಕೂ ಮೂರು ಮರ, ತಗ್ಗಿನಲ್ಲಿ ಮೂರು. ಒಟ್ಟು 36. ಮದ್ದು, ಜಾಗ, ಜಾಗ ಬದಲಾದರೆ ಮದ್ದಿನ ಗುಣ ಬದಲಾಗುತ್ತದೋ ಎನ್ನುವುದು, ಮೂರನ್ನೂ ಒಂದೇ ಮಾಡೆಲ್‌ನಲ್ಲಿ, ಅಂದರೆ ಒಂದೇ ಲೆಕ್ಕದಲ್ಲಿ, ಕೇಳಬೇಕು. ಅಣ್ಣ ಮೊದಲು ಮಾಡಿದ್ದು ಇದನ್ನೇ, ಪಾಪ.

ಈಗ ರಿಪೇರಿ ಶುರು. ಎಲ್ಲ ಗುಂಪುಗಳನ್ನು ಒಟ್ಟಿಗೆ ಹೋಲಿಸುವ ಅನೋವಾ ಬಿಟ್ಟು, ಎರಡೆರಡನ್ನೇ ಹೋಲಿಸುವ ಟಿ-ಟೆಸ್ಟ್. ಆರು ಗುಂಪು ಅಂದರೆ ಹದಿನೈದು ಜೋಡಿ. ಏನೂ ವ್ಯತ್ಯಾಸ ಇಲ್ಲದಿದ್ದರೂ ಒಂದೊಂದು ಜೋಡಿಗೆ ನೂರಕ್ಕೆ ಐದು ಸಲ "ಇದೆ" ಅಂತ ಬರುತ್ತದೆ. ಹದಿನೈದು ಸಲ ಕೇಳಿದರೆ ಯಾವುದಾದರೂ ಒಂದು ಪಾಪಪ್ರಜ್ಞೆಯಿಂದಲಾದರೂ ಹೂಂ ಅನ್ನಬಾರದೇ? ಅನ್ನದಿದ್ದರೆ ಅಂಕಿಗಳ ಲಾಗ್ (ಲಾಗರಿದಮ್) ತೆಗೆದು ಮತ್ತೆ ನೋಡುವುದು. ಅದೂ ಆಗದಿದ್ದರೆ ಅಂಕಿ ಬಿಟ್ಟು ಅವುಗಳ ಸ್ಥಾನ ಮಾತ್ರ ನೋಡುವ ಕ್ರಸ್ಕಲ್-ವಾಲಿಸ್ ಪರೀಕ್ಷೆ. ಒಬ್ಬ ಜೋಯಿಸರ ಕವಡೆ ಒಪ್ಪದಿದ್ದರೆ ಪಕ್ಕದ ಊರಿನ ಜೋಯಿಸರಲ್ಲಿ ಪ್ರಶ್ನೆ ಇಡುತ್ತೇವಲ್ಲ, ಹಾಗೆ. ಆದರೆ ಜೋಯಿಸರಿಗೆ ದಕ್ಷಿಣೆ ಜಾಸ್ತಿ.

ಅಣ್ಣನ ರಾಮಬಾಣ ಮಾತ್ರ ಬೇರೆ. ಹುಡುಗ ಒಂದೊಂದು ಮರದಲ್ಲಿ ನೂರು ಅಡಿಕೆ ನೋಡಿ ಕೊಳೆತದ್ದು ಎಷ್ಟು ಅಂತ ಬರೆದಿದ್ದ. ಅಣ್ಣ ಒಂದೊಂದು ಅಡಿಕೆಗೂ ಒಂದೊಂದು ಸಾಲು ಕೊಟ್ಟ. 36 ಇದ್ದದ್ದು 3600 ಆಯಿತು. ಒಂದೇ ಮರದ ಅಡಿಕೆಗಳಿಗೆ ಒಂದೇ ಮಳೆ, ಒಂದೇ ಗಾಳಿ, ಒಂದೇ ಕೈಯ ಮದ್ದು. ಮದ್ದು ಬಿಟ್ಟದ್ದು ಮರಕ್ಕೆ, ಅಡಿಕೆಗೆ ಬೇರೆಬೇರೆಯಾಗಿ ಅಲ್ಲ. ತೋಟದ ಕೆಲಸದವರಿಗೂ ಗೊತ್ತಿರುವ ಈ ಸಂಗತಿ ಸಾಫ್ಟ್‌ವೇರಿಗೆ ಗೊತ್ತಿಲ್ಲ. ಯಾವುದು ಯಾವ ಮರದ್ದು ಅಂತ ಹೇಳದೆ ಕೊಟ್ಟರೆ ಅದು ಖುಷಿಯಾಗಿ ನುಂಗುತ್ತದೆ. ಪಿ ಸೊನ್ನೆಯ ಹತ್ತಿರ ಇಳಿಯಿತು. ಪಿ ಸಣ್ಣದಿದ್ದಲ್ಲಿ ಹಾಕುವ ನಕ್ಷತ್ರದ ಗುರುತು ಸಾಲುಸಾಲು.

ಪ್ರಯೋಗ ಮುಗಿದ ಮೇಲೆ ಸಂಖ್ಯಾಶಾಸ್ತ್ರಜ್ಞನನ್ನು ಕರೆಯುವುದೆಂದರೆ ಪೋಸ್ಟ್‌ಮಾರ್ಟಂ ಮಾಡಿಸಿದ ಹಾಗೆ ಎಂದು ಅನೋವಾ ಕಟ್ಟಿಕೊಟ್ಟ ಫಿಷರ್ 1938ರಲ್ಲಿ, ಅದೂ ಭಾರತದ ಮೊದಲ ಸಂಖ್ಯಾಶಾಸ್ತ್ರ ಸಮ್ಮೇಳನದಲ್ಲೇ ಹೇಳಿದ್ದರು. ಸತ್ತದ್ದು ಯಾಕೆ ಅಂತಷ್ಟೇ ಅವನು ಹೇಳಬಲ್ಲನಂತೆ. ಫಿಷರ್ ನಮ್ಮ ಬಸ್‌ಸ್ಟ್ಯಾಂಡ್ ಕಡೆ ಬಂದಿರಲಿಲ್ಲ. ಇಲ್ಲಿ ಹೆಣಕ್ಕೆ ಫಿಟ್‌ನೆಸ್ ಸರ್ಟಿಫಿಕೇಟೇ ಸಿಗುತ್ತದೆ, ಸ್ಪೈರಲ್ ಬೈಂಡಿಂಗ್ ಸಮೇತ.

ವೈವಾದಲ್ಲಿ ಪಿ ಎಷ್ಟು ಅಂತ ಕೇಳಿದರು. ಮರ ಎಷ್ಟು ಅಂತ ಕೇಳಲಿಲ್ಲ. ಹುಡುಗ ಪಾಸು. ಗುಡ್ಡದ ಬದಿಯಲ್ಲಿ ಎರಡು ಮದ್ದುಗಳನ್ನು ಭಾರೀ ಅಂತರದಲ್ಲಿ ಸೋಲಿಸಿದ್ದು ಆರನೇ ನಂಬ್ರದ್ದು. ಅಂದರೆ ನೀರು. ಕೊನೆಯ ಅಧ್ಯಾಯದಲ್ಲಿ ಅದನ್ನು ಕಡಿಮೆ ಖರ್ಚಿನ, ಪರಿಸರಸ್ನೇಹಿ ವಿಧಾನ ಎಂದು ಬೆಳೆಗಾರರಿಗೆ ಶಿಫಾರಸು ಮಾಡಲಾಗಿದೆ.