ಕಾರಿಗಿಂತ ಬಸ್ಸೇ ಲೇಸು
ಮಕ್ಕಳ ಬಳಿಗೆ ಅಮೆರಿಕಕ್ಕೆ ಹೋಗುವ ಕಲಬುರಗಿಯ ಹಿರಿಯರಿಗೆ ಫ್ಲೋರಿಡಾದ ಮನರಂಜನಾ ತಾಣ ಡಿಸ್ನಿ ವರ್ಲ್ಡ್ ಸುತ್ತಲು ಕಾರೇ ಬೇಕು ಅಂತ ಒಂದು ಲೇಖನದಲ್ಲಿದೆ. ಒಪ್ಪಲಾರೆ. ಡಿಸ್ನಿಯದೇ ರೆಸಾರ್ಟಿನಲ್ಲಿ ಉಳಿದರೆ ಬಸ್ಸು ಉಚಿತ. ಅಲ್ಲಿನ ಪಾರ್ಕುಗಳಲ್ಲೊಂದಾದ ಮ್ಯಾಜಿಕ್ ಕಿಂಗ್‌ಡಮ್‌ಗಂತೂ ಬಸ್ಸು ಗೇಟಿನ ಹತ್ತಿರವೇ ಇಳಿಸುತ್ತದೆ. ಕಾರು ನಿಲ್ಲಿಸಿದವರು ಪಾರ್ಕಿಂಗ್ ಜಾಗದಿಂದ ಗೇಟಿಗೆ ಮೊನೊರೈಲೋ ದೋಣಿಯೋ ಹಿಡಿಯಬೇಕು. ಮೊಣಕಾಲು ನೋವಿದ್ದವರಿಗೆ ಇದು ಸಣ್ಣ ಮಾತಲ್ಲ. ಪಾರ್ಕ್ ತೆರೆಯುವ ಒಂದು ತಾಸು ಮೊದಲೇ ಸ್ಟಾಪಿನಲ್ಲಿರಿ, ರೆಸಾರ್ಟಿನವರಿಗೆ 30 ನಿಮಿಷ ಮುಂಚೆ ಪ್ರವೇಶವಿದೆ. ಮೊಮ್ಮಗುವಿನ ತಳ್ಳುಗಾಡಿಯನ್ನು ಬಸ್ಸು ಬರುವ ಮೊದಲೇ ಚೀಲ, ನೀರಿನ ಬಾಟಲಿ ತೆಗೆದು ಮಡಚಿಟ್ಟುಕೊಳ್ಳಿ. ಬಿಚ್ಚಿದ ಗಾಡಿ ಒಳಗೆ ಬಿಡುವುದಿಲ್ಲ. ಒಂದು ರೆಸಾರ್ಟಿನಿಂದ ಇನ್ನೊಂದಕ್ಕೆ ಹೋಗಲು ಸಾಮಾನ್ಯವಾಗಿ ಪಾರ್ಕಿನಲ್ಲೋ ಅಂಗಡಿ-ಊಟದ ತಾಣವಾದ ಡಿಸ್ನಿ ಸ್ಪ್ರಿಂಗ್ಸ್‌ನಲ್ಲೋ ಬಸ್ಸು ಬದಲಿಸಬೇಕು. ರಾತ್ರಿ ಪಟಾಕಿ ಮುಗಿದೊಡನೆ ಎಲ್ಲರೂ ಒಟ್ಟಿಗೆ ನುಗ್ಗುತ್ತಾರೆ, ಅರ್ಧ ತಾಸು ಕೂತು ಹೊರಡಿ. ವಿಮಾನ ನಿಲ್ದಾಣದ ಉಚಿತ ಬಸ್ಸು ಮಾತ್ರ 2022ರಲ್ಲೇ ನಿಂತಿದೆ.