ಗಡಂಗಿನ ವಯಸ್ಸು

ಕಾಸರಗೋಡು ಕಡೆಯ ಯಾವುದೋ ಗಡಂಗಿನ, ಎಂದರೆ ಶೇಂದಿ ಅಂಗಡಿಯ, ಫೋಟೋ ಹಾಕಿ ಕೆಳಗೆ ‘ಬ್ರಿಟಿಷರ ಕಾಲದ್ದು’ ಎಂದು ಬರೆದುಬಿಟ್ಟರೆ ಮುಗಿಯಿತು. ನೋಡಿದವರೆಲ್ಲ ಆಹಾ ಎನ್ನುತ್ತಾರೆ, ಕೆಲವರು ಅಲ್ಲಿನ ಮೀನು ಸಾರು ಹೇಗಿದೆ ಎಂದು ವಿಚಾರಿಸುತ್ತಾರೆ. ಯಾವ ಬ್ರಿಟಿಷರು, ಯಾವ ಕಾಲ ಎಂದು ಕೇಳುವವರಿಲ್ಲ. ಕೇಳಿದವನು ರಸಭಂಗ ಮಾಡಿದ ಎನಿಸಿಕೊಳ್ಳಬೇಕು. ಎನಿಸಿಕೊಂಡರೇನಂತೆ, ಲೆಕ್ಕ ಲೆಕ್ಕವೇ.

ಮದ್ರಾಸ್ ಪ್ರಾಂತ್ಯದ ಪಾನನಿರೋಧ 1937ರಲ್ಲಿ ಸೇಲಂ ಜಿಲ್ಲೆಯಿಂದ ಶುರುವಾಯಿತು, 1948ರ ಹೊತ್ತಿಗೆ ಇಡೀ ಪ್ರಾಂತ್ಯವನ್ನು ಆವರಿಸಿತು. ದಕ್ಷಿಣ ಕನ್ನಡಕ್ಕೆ ಸೇರಿದ್ದ ಕಾಸರಗೋಡು ತಾಲೂಕೂ ಅದರೊಳಗೇ ಬಂತು. 1956ರ ನವೆಂಬರ್ 1ಕ್ಕೆ ತಾಲೂಕು ಕೇರಳದ ಪಾಲಾದಾಗ ನಿರೋಧವೂ ಅದರ ಬೆನ್ನಿಗೇ ಹೋಯಿತು. ಅದನ್ನು ತೆಗೆದದ್ದು 1967ರಲ್ಲಿ. ಅಲ್ಲಿಗೆ ಹೆಚ್ಚುಕಡಿಮೆ ಇಪ್ಪತ್ತು ವರ್ಷ ಕಾನೂನಿನ ಲೆಕ್ಕದಲ್ಲಿ ಇಲ್ಲಿ ಒಂದು ಗಡಂಗೂ ಇರಲಿಲ್ಲ. ‘ಅಜ್ಜನ ಕಾಲದಿಂದ ಒಂದು ದಿನವೂ ಬಾಗಿಲು ಹಾಕಿದ್ದಿಲ್ಲ’ ಎಂದು ಹೆಮ್ಮೆಯಿಂದ ಹೇಳುವವರು ಅಜ್ಜನ ಬಗ್ಗೆ ಹೊರಗೆ ಹೇಳಬಾರದ್ದನ್ನೇ ಹೇಳುತ್ತಿದ್ದಾರೆ.

ಇನ್ನೊಂದು ತೊಡಕು ಗಡಂಗು ನಡೆಸುವ ಹಕ್ಕಿನ ಹರಾಜಿನದು. ಅಬಕಾರಿ ಕಡತದಲ್ಲಿ ಗಡಂಗು ಎಂದರೆ ಕಟ್ಟಡವಲ್ಲ, ಒಂದು ನಂಬರು. ಈಗಿನ ಬೋರ್ಡಿನಲ್ಲೂ ಊರ ಹೆಸರಿಗಿಂತ ಟಿ.ಎಸ್. (ಟಾಡಿ ಶಾಪ್, ಶೇಂದಿ ಅಂಗಡಿ) ನಂಬರಿಗೇ ಮರ್ಯಾದೆ. ಗುತ್ತಿಗೆದಾರ ಬದಲಾದರೆ ನಂಬರು ಬೇರೆ ಮಾಡಿನಡಿಗೆ, ಎಂದರೆ ಬೇರೆ ಸೂರಿನಡಿಗೆ, ಹೋಗುತ್ತದೆ. ಶಾಲೆಯಿಂದ, ಗುಡಿಯಿಂದ ಇಷ್ಟು ದೂರವಿರಬೇಕೆಂಬ ನಿಯಮ ಅದನ್ನು ಇನ್ನಷ್ಟು ಆಚೆಗೆ ದೂಡುತ್ತದೆ. ಈಗ ತಲಪಾಡಿಯಿಂದ ಚೆಂಗಳದವರೆಗೆ ಆರು ಪಥದ ಹೆದ್ದಾರಿ ಬಂದು ದಾರಿಬದಿಯಲ್ಲಿ ಉಳಿದಿದ್ದ ಹಳೆಯ ಮಾಡುಗಳನ್ನೂ ನುಂಗಿದೆ.

ಆಗ ಇತಿಹಾಸಪ್ರಿಯರು ತಲೆಯೆತ್ತಿ ಹಂಚು ನೋಡುತ್ತಾರೆ. ಈ ಹಂಚಿನ ವಿಷಯ ಸ್ವಲ್ಪ ವಿವರವಾಗಿಯೇ ಹೇಳಬೇಕು, ಏಕೆಂದರೆ ಕರಾವಳಿಯ ಅರ್ಧಕ್ಕರ್ಧ ಸುಳ್ಳು ಇತಿಹಾಸ ಹುಟ್ಟುವುದೇ ಅದರ ಬೆನ್ನಿನಲ್ಲಿ. ಒಂದನ್ನು ಕಳಚಿ ತಿರುಗಿಸಿದರೆ ‘ಬಾಸೆಲ್ ಮಿಷನ್, 1865’ ಎಂದು ಇಂಗ್ಲಿಷ್ ಅಚ್ಚು. ತಕ್ಷಣ ಕಟ್ಟಡಕ್ಕೆ ನೂರೈವತ್ತು ದಾಟಿದ ವಯಸ್ಸು ಬಂದುಬಿಡುತ್ತದೆ. ಆದರೆ 1865 ಮಂಗಳೂರಿನಲ್ಲಿ ಆ ಕ್ರೈಸ್ತ ಮಿಷನ್ನಿನವರು ಹಂಚಿನ ಕಾರ್ಖಾನೆ ತೆರೆದ ವರ್ಷ. ಆ ಹಂಚು ಸುಟ್ಟ ವರ್ಷವಲ್ಲ. ಪಾತ್ರೆ ಅಂಗಡಿಯ ಬೋರ್ಡಿನಲ್ಲಿ ಸ್ಥಾಪನೆಯ ಇಸವಿ ನೋಡಿ ಒಳಗಿನ ಕುಕ್ಕರಿಗೆ ಅದೇ ವಯಸ್ಸು ಕಟ್ಟಿದ ಹಾಗಾಯಿತು. ಮೊದಲ ಮಹಾಯುದ್ಧದ ನಂತರ ಆ ಕಾರ್ಖಾನೆಗಳು ಕಾಮನ್‌ವೆಲ್ತ್ ಟ್ರಸ್ಟ್‌ನ ಕೈ ಸೇರಿದವು. ಹಾಗಾಗಿ ಹೊಸ ಹೆಸರಿನ ಅಚ್ಚು ಸಿಕ್ಕಿದರೆ ‘ಇದಕ್ಕಿಂತ ಹಿಂದಿನದಲ್ಲ’ ಎಂದು ಧೈರ್ಯವಾಗಿ ಹೇಳಬಹುದು. ಹಂಚು ಕೊಡುವ ಸಾಕ್ಷ್ಯ ಅಷ್ಟೇ, ಅದೂ ಹಂಚಿನ ಬಗ್ಗೆ ಮಾತ್ರ.

ಕಟ್ಟಡದ ಬಗ್ಗೆ ಅದು ಬಾಯಿ ಬಿಡುವುದಿಲ್ಲ. ನಮ್ಮ ಕಡೆ ಹಂಚನ್ನು ಎಸೆದವರುಂಟೇ? ಒಂದು ಮನೆ ಬಿದ್ದರೆ ಅದರ ಹಂಚು ಹಟ್ಟಿಗೆ, ಹಟ್ಟಿ ಬಿದ್ದರೆ ಸೌದೆ ಕೊಟ್ಟಿಗೆಗೆ, ಅಲ್ಲಿಂದ ಯಾರೋ ಕೊಂಡು ಗಡಂಗಿಗೆ. ಮೊದಲಿಗೆ ಗಡಂಗಿಗೆ ಹೊದೆಸುತ್ತಿದ್ದುದು ಮುಳಿಹುಲ್ಲು, ಇಲ್ಲವೇ ಹೆಣೆದ ಮಡಲು (ತೆಂಗಿನ ಗರಿ). ವರ್ಷಕ್ಕೊಮ್ಮೆ ಹರಾಜಾಗುತ್ತಿದ್ದ ಅಂಗಡಿಗೆ ಹಂಚು ಹೊದೆಸುವಷ್ಟು ಪೆದ್ದ ಗುತ್ತಿಗೆದಾರ ಎಲ್ಲಿ ಸಿಕ್ಕಾನು? ನೋಡಲೇಬೇಕೆಂದಿದ್ದರೆ ಮಾಡಿನ ಇಳಿಜಾರು ಮರ, ಪಕ್ಕಾಸು, ನೋಡಬೇಕು. ಮಂಗಳೂರು ಹಂಚಿಗೆ ಅದರ ಮೇಲೆ ಅಡ್ಡ ಹೊಡೆಯುವ ರೀಪುಗಳ ನಡುವೆ ಸುಮಾರು ಒಂದಡಿ ಅಂತರ ಬೇಕು. ಪಕ್ಕಾಸಿನಲ್ಲಿ ಆ ಅಳತೆಗೆ ಹೊಂದದ ಹಳೆಯ ಮೊಳೆತೂತುಗಳೋ ಹಗ್ಗ ಉಜ್ಜಿದ ಗೀರುಗಳೋ ಇದ್ದರೆ ಮೊದಲು ಬೇರೆ ಹೊದಿಕೆ ಇತ್ತು, ಅಥವಾ ಆ ಮರವೇ ಬೇರೆ ಮನೆಯಿಂದ ಬಂದದ್ದು. ಎರಡರಲ್ಲಿ ಯಾವುದು ಎಂದು ಮರ ಹೇಳುವುದಿಲ್ಲ. ಒಂದೇ ಸಾಲಿನಲ್ಲಿ ಮೂರು ಕಾರ್ಖಾನೆಗಳ ಅಚ್ಚು ಕಂಡರಂತೂ ಏಣಿಯಿಂದ ಇಳಿಯುವುದೇ ಒಳ್ಳೆಯದು.

ನಿಜವಾಗಿ ಬೇಕಾದದ್ದು ಸಬ್‌ರಿಜಿಸ್ಟ್ರಾರ್ ಕಚೇರಿಯಲ್ಲಿದೆ. 1908ರ ನೋಂದಣಿ ಕಾಯ್ದೆಯ ಪ್ರಕಾರ ನೋಂದಣಿಯಾದ ಸ್ಥಿರಾಸ್ತಿಯ ಪತ್ರಗಳು, ಉಯಿಲು ಬಿಟ್ಟು, ಒಂದನೇ ಪುಸ್ತಕಕ್ಕೆ ಸೇರುತ್ತವೆ. ಶುಲ್ಕ ಕಟ್ಟಿದರೆ ಯಾರು ಬೇಕಾದರೂ ನೋಡಬಹುದು. ಒಂದನೇ ಸೂಚಿ ಹೆಸರಿನದು, ಎರಡನೆಯದು ಆಸ್ತಿಯದು. ಗಡಂಗಿನ ಜಾಗವನ್ನೇ ಹುಡುಕಿಕೊಂಡು ಹೋದರೆ ಸೋಲು ಖಂಡಿತ, ಬಾಡಿಗೆಯ ಒಪ್ಪಂದಗಳು ನೋಂದಣಿಯವರೆಗೆ ಬರುವುದು ಅಪರೂಪ. ಹುಡುಕಬೇಕಾದದ್ದು ನೆರೆಯವರ ಜಾಗ. ಪಕ್ಕದ ತೋಟದ ಕ್ರಯಪತ್ರದ ಚಕ್ಕುಬಂದಿಯಲ್ಲಿ (ನಾಲ್ಕು ದಿಕ್ಕಿನ ಗಡಿಯ ವಿವರದಲ್ಲಿ), ಮೂಡಕ್ಕೆ ತೋಡು, ತೆಂಕಕ್ಕೆ ಇಂಥವರ ವರ್ಗದ ಜಾಗ ಎನ್ನುತ್ತ ಬಂದು, ಪಡುವಕ್ಕೆ ‘ಗಡಂಗಿಗೆ ಹೋಗುವ ದಾರಿ’ ಎಂದು ಒಂದು ಸಾಲು ಸಿಕ್ಕಿದರೆ ಅದು ಸಾವಿರ ಹಂಚಿಗೆ ಸಮ. ಮರುಸರ್ವೆಯಾದಲ್ಲಿ ನಂಬರು ಬದಲಾಗಿರುತ್ತದೆ, ಹಳೆಯದಕ್ಕೂ ಹೊಸದಕ್ಕೂ ತಾಳೆ ಹಾಕದೆ ಕಚೇರಿಗೆ ಹೋದರೆ ಬಸ್ ಚಾರ್ಜು ದಂಡ.

ಇಸವಿಯಲ್ಲೂ ಎಡವುವವರಿದ್ದಾರೆ. ಹಳೆಯ ಕಂದಾಯದ ಕಡತ ಫಸಲಿ ಎಂಬ ಕಂದಾಯ ವರ್ಷದ ಲೆಕ್ಕದಲ್ಲಿರುತ್ತದೆ. ಅದಕ್ಕೆ 590 ಕೂಡಿಸಿದರೆ ಇಸವಿ ಎಂದು ಎಲ್ಲರಿಗೂ ಗೊತ್ತು. ಫಸಲಿ ಜುಲೈಯಲ್ಲಿ ಶುರುವಾಗುತ್ತದೆಂಬುದು ಮರೆತಿರುತ್ತದೆ. ಫಸಲಿ 1345ರ ಫೆಬ್ರವರಿ ಎಂದರೆ 1936, 1935 ಅಲ್ಲ. ಇನ್ನು ಪ್ರಾಂತ್ಯದ ಮಟ್ಟದ ಅಬಕಾರಿ ಕಾಗದ ಬೇಕೆಂದರೆ ಚೆನ್ನೈಯ ಎಗ್ಮೋರಿನ ಪತ್ರಾಗಾರಕ್ಕೆ ಹೋಗಬೇಕು. ಕಾಸರಗೋಡಿನ ಶೇಂದಿಯ ಚರಿತ್ರೆ ಓದಲು ಅಷ್ಟು ದೂರ ರೈಲಿನಲ್ಲಿ ಕೂರುವವರು ಕಡಿಮೆ, ಫೋಟೋ ಹಾಕುವವರು ಜಾಸ್ತಿ.

ಕುಡಿಯುವವರನ್ನು ವಿಚಾರಿಸಿ ಪ್ರಯೋಜನವಿಲ್ಲ, ಅವರಿಗೆ ಸಾಲದ ಪುಸ್ತಕ ಮಾತ್ರ ನೆನಪಿರುತ್ತದೆ. ಶೇಂದಿ ಇಳಿಸುವ ಮೂರ್ತೆಯವರಿಗಾದರೆ ಮರಗಳು ನೆನಪಿರುತ್ತವೆ: ಯಾರ ತೋಟದ ಎಷ್ಟು ಮರ, ಇಳಿಸಿದ್ದನ್ನು ಹೊತ್ತು ಯಾವ ದಾರಿಯಲ್ಲಿ ಎಲ್ಲಿಗೆ ಕೊಟ್ಟದ್ದು. ಅವರ ದಾರಿ ಹಿಡಿದರೆ ಸರ್ವೆ ನಂಬರು ಸಿಗುತ್ತದೆ.

ಹಾಗಾದರೆ ಮಂಜೇಶ್ವರದಿಂದ ಚಂದ್ರಗಿರಿಯವರೆಗೆ ಅತಿ ಹಳೆಯ ಗಡಂಗು ಯಾವುದು? ಹೇಳಬಹುದಿತ್ತು. ಆದರೆ ಸೂಚಿ ತಿರುವುತ್ತ ಕುಳಿತವರು ಸಾಮಾನ್ಯವಾಗಿ ಅಷ್ಟು ದೂರ ಹೋಗುವುದೇ ಇಲ್ಲ. ನಡುವೆ ಎಲ್ಲೋ ತಮ್ಮದೇ ಕುಟುಂಬದ ಹೆಸರು ಎದುರಾಗುತ್ತದೆ, ಬೈಲು ಗದ್ದೆಯನ್ನು ಯಾರೋ ಗುತ್ತಿಗೆದಾರನಿಗೆ ಅಡವಿಟ್ಟ ಪತ್ರ. ಅದರ ದೃಢೀಕೃತ ನಕಲು ಬೇಕಿದ್ದರೆ ಬೇರೆ ಅರ್ಜಿ ಕೊಡಬೇಕು, ಬೇರೆ ಶುಲ್ಕ ಕಟ್ಟಬೇಕು.