ಹಿಡಿ ಅಕ್ಕಿಯೂ ಕಾಣಿಕೆಯೇ
ಕ್ರೈಸ್ತ ಮಹಿಳೆಯರ ಕಾಣಿಕೆಯ ಮಾತು ಬಂದಾಗ ಮಿಜೋರಾಂನ ‘ಬುಹ್‌ಫಾಯ್ ಥಾಮ್’, ಅಂದರೆ ಹಿಡಿ ಅಕ್ಕಿಯ ಕಾಣಿಕೆ, ನೆನೆಯಲೇಬೇಕು. ಅಲ್ಲಿನ ಪ್ರೆಸ್ಬಿಟೇರಿಯನ್ ಸಭೆಯ (ಪ್ರಾಟೆಸ್ಟೆಂಟ್ ಚರ್ಚಿನ) ಹೆಂಗಸರು 1910ರಿಂದಲೂ ಅನ್ನಕ್ಕಿಡುವಾಗೆಲ್ಲ ಒಂದು ಹಿಡಿ ಅಕ್ಕಿ ದೇವರಿಗೆಂದು ತೆಗೆದಿಡುತ್ತಾರೆ. ಅದನ್ನು ಮನೆಮನೆಯಿಂದ ಒಟ್ಟುಮಾಡಿ, ಮಾರಿ, ಹಣವನ್ನು ಸಭೆಯ ಸೇವೆಗೆ ಕೊಡುತ್ತಾರೆ. ಕೈಯಲ್ಲಿ ಕಾಸಿಲ್ಲದವಳೂ ಕೊಡಬಹುದು, ಇದರ ಬಲ ಇರುವುದೇ ಅಲ್ಲಿ.

ನಿಮ್ಮ ಸ್ತ್ರೀ ಸಂಘದಲ್ಲಿ ಶುರು ಮಾಡುವುದಾದರೆ, ಅಕ್ಕಿ ತೊಳೆಯುವ ಮುಂಚೆಯೇ ಹಿಡಿ ತೆಗೆಯಿರಿ. ಒದ್ದೆ ಕೈ ತಾಗಿದರೆ ಮುಗ್ಗಲು ಹಿಡಿಯುತ್ತದೆ. ತಿಂಗಳುಗಟ್ಟಲೆ ಇಟ್ಟರೆ ಹುಳ ಬೀಳುತ್ತದೆ, ವಾರಕ್ಕೊಮ್ಮೆ ಡಬ್ಬಿ ಖಾಲಿ ಮಾಡಿಸಿ. ಕುಚ್ಚಲಕ್ಕಿಗೆ ಬೆಳ್ತಿಗೆ (ಬಿಳಿ ಅಕ್ಕಿ) ಬೆರೆತರೆ ಒಂದು ಬೇಯುವಷ್ಟರಲ್ಲಿ ಇನ್ನೊಂದು ಮುದ್ದೆ, ಕೊಳ್ಳುವವರೇ ಸಿಗುವುದಿಲ್ಲ. ಎರಡು ಚೀಲ ಹಿಡಿದೇ ಹೊರಡಿ. ಪುಸ್ತಕದಲ್ಲಿ ಒಟ್ಟು ತೂಕ ಮಾತ್ರ ಬರೆಯಿರಿ; ಮನೆವಾರು ಪಟ್ಟಿ ಓದಿದರೆ ಬಡವರು ಹಿಂಜರಿಯುತ್ತಾರೆ.